ಮೀಸೆ ಹೋದ ಮೇಲೆ

೩ನೇ ತಾರೀಖು, ಮಂಗಳವಾರ
ಬಾಡಿಗೆ ಕೋಣೆಯ ಕಿಟಕಿ ಪಕ್ಕದಿಂದ

ನನ್ನ ಪ್ರೀತಿಯ ಎಂಟನೇ ಸೀಟೇ,

ನಿನ್ನ ಮಂಡಿ ನೋವು ಕಡಿಮೆಯಾಗಿದೆ ಎಂದುಕೊಂಡು ಶುರು ಮಾಡುತ್ತೇನೆ. ಭಾನುವಾರ ನೀನು ಈ ಮನೆಯ ನಂಬರಿಗೆ ಫೋನು ಮಾಡಿದೆಯಲ್ಲ, ಲೈನು ಸ್ವಲ್ಪವೂ ಸರಿಯಿರಲಿಲ್ಲ. ಬರೀ ಸೊಂಯ್ ಎನ್ನುತ್ತಿತ್ತು. ನಾವಿಬ್ಬರೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅಕ್ಕಪಕ್ಕ ಕೂತಿದ್ದ ಕಾಲದಲ್ಲಿ ಯಾರಿಗಾದರೂ ಇಂಥ ಲೈನು ಕೊಟ್ಟಿದ್ದರೆ ಮೇಲ್ವಿಚಾರಕಿ ನಮ್ಮ ಚರ್ಮ ಸುಲಿಯುತ್ತಿದ್ದಳು. ಇನ್ನು ಮೇಲೆ ಫೋನು ಬೇಡ, ಪತ್ರವೇ ಬರಿ. ಮೂವತ್ತೊಂದು ವರ್ಷ ಊರವರ ಮಾತನ್ನೆಲ್ಲ ತಂತಿಯಲ್ಲಿ ದಾಟಿಸಿದವಳು ಈಗ ಅಂಚೆಯವನ ದಾರಿ ಕಾಯುತ್ತಾಳೆ ಎಂದು ನಗಬೇಡ.

ನಾನು ನಿವೃತ್ತಳಾದ ಮೇಲೆ ಮೂರು ತಿಂಗಳು ಊರೂರು ಸುತ್ತಬೇಕೆಂಬುದು ನಮ್ಮ ಯಜಮಾನರ ಹಠ ಎಂಬುದು ನಿನಗೆ ಗೊತ್ತೇ ಇದೆ. ಬಟ್ಟೆ ಗಿರಣಿಯಲ್ಲಿ ಮೂವತ್ತಾರು ವರ್ಷ ಮಗ್ಗ ನೋಡಿಕೊಂಡವರು, ಗಿರಣಿಯ ಗೋಡೆಯಾಚೆ ಏನಿದೆ ಎಂದು ನೋಡುವ ಆಸೆ ಇರಲಿ ಬಿಡು ಎಂದು ಒಪ್ಪಿದೆ. ಇದು ನಾಲ್ಕನೇ ಊರು. ಒಂದು ತಿಂಗಳಿಗೆ ಕೋಣೆ ಹಿಡಿದಿದ್ದೇವೆ. ಕೆಳಗೆ ಕ್ಷೌರದ ಅಂಗಡಿ, ಮೇಲೆ ನಾವು. ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ, ಕಿಟಕಿಯಿಂದ ಕಾಣುವ ದೋಣಿಕಟ್ಟೆ. ಇಲ್ಲಿಯ ಗಡಿಯಾರದ ಗೋಪುರ ಹನ್ನೊಂದು ನಿಮಿಷ ಮುಂದಿದೆ. ಯಾರೂ ಸರಿಮಾಡುವುದಿಲ್ಲ, ಊರಿಗೆ ಊರೇ ಮನಸ್ಸಿನಲ್ಲಿ ಹನ್ನೊಂದು ಕಳೆದುಕೊಂಡು ಬದುಕುತ್ತಿದೆ. ನಾನೂ ಕಳೆಯಲು ಕಲಿತೆ. ಕೆಲಸದ ದಿನ ಬೆಳಿಗ್ಗೆ ಹತ್ತಕ್ಕೆ ಕಿಟಕಿಯಲ್ಲಿ ಕೂತು ಕುಡಿಯುವ ಚಹಾದ ರುಚಿಯೇ ಬೇರೆ ಎಂಬುದು ಈ ವಯಸ್ಸಿನಲ್ಲಿ ನಾನು ಮಾಡಿದ ಸಂಶೋಧನೆ.

ಊರು ಚೆನ್ನಾಗಿದೆ, ಜನ ಮಾತ್ರ ಸರಿಯಿಲ್ಲ. ಎಲ್ಲರೂ ಪಿಸುಗುಟ್ಟುತ್ತಾರೆ. ಬ್ರೆಡ್ಡು ಮಾರುವವನು ಬೆಲೆಯನ್ನು ಗುಟ್ಟಿನಂತೆ ಹೇಳುತ್ತಾನೆ, ಎರಡು ಸಲ ಕೇಳಿದರೆ ಮುಖ ಸಿಂಡರಿಸುತ್ತಾನೆ. ಸೈಕಲ್ಲುಗಳಿಗೆ ಬೆಲ್ಲೇ ಇಲ್ಲ. ಮೊನ್ನೆ ಒಬ್ಬ ನನ್ನ ಮೊಣಕೈ ಸವರಿಕೊಂಡೇ ಹೋದ. ಹೋದವನು ನಿಂತು ನನಗೇ ಬೈದ, ಅದನ್ನೂ ಪಿಸುಮಾತಿನಲ್ಲಿ! ಬಾಯಿ ಇಷ್ಟಗಲ ತೆರೆಯುತ್ತಿತ್ತು, ಬೈಗುಳ ಮಾತ್ರ ಈಚೆ ಬರಲಿಲ್ಲ. ಎಂಥ ಜನ ಮಾರಾಯ್ತಿ.

ಆದರೆ ನಾನು ಬರೆಯಲು ಕೂತದ್ದು ಇದನ್ನಲ್ಲ. ವಿಷಯ ಮೀಸೆಯದು.

ಇವರ ಮೀಸೆ ನೀನು ನೋಡಿದ್ದೀಯ. ಮೇಲಿನ ತುಟಿ ಪೂರ್ತಿ ಮುಚ್ಚಿ ಕೆಳಗಿನದಕ್ಕೂ ಇಳಿಯುತ್ತಿದ್ದ ಮೀಸೆ. ಮದುವೆಗೆ ಮೊದಲು ಇವರನ್ನು ನೋಡಲು ಹೋದಾಗ ನಾನು ಒಪ್ಪಿದ್ದೇ ಅದನ್ನು ನೋಡಿ. ಹೋದ ಬುಧವಾರ ಕೂದಲು ಕತ್ತರಿಸಿಕೊಂಡು ಬರುತ್ತೇನೆಂದು ಕೆಳಗೆ ಹೋದವರು ಮೀಸೆಯಿಲ್ಲದೆ ಮೇಲೆ ಬಂದರು. ನಾಚಿಕೊಂಡು ನಗುತ್ತ ಬಾಗಿಲಲ್ಲಿ ನಿಂತಿದ್ದರು. ಯಾಕ್ರೀ ಎಂದು ಕೇಳಿದರೆ, “ಸೆಕೆಗೆ ತುರಿಕೆ ಕಣೇ” ಅಂದರು. ನಲವತ್ತು ಬೇಸಿಗೆಯಲ್ಲಿ ಬಾರದ ತುರಿಕೆ!

ಕೆಳಗಿನ ಅಂಗಡಿಯಲ್ಲಿ ಕ್ಷೌರ ಮಾಡುವವಳು ಹೆಂಗಸು. ಅವಳೇ ಈ ಮನೆಯ ಒಡತಿಯೂ ಹೌದು. ಗಂಡ ತೀರಿಕೊಂಡ ಮೇಲೆ ಅವನ ಕತ್ತರಿಯನ್ನು ತಾನು ಹಿಡಿದಳಂತೆ. ಐವತ್ತರ ಆಸುಪಾಸು, ಗಟ್ಟಿ ಮೈ, ಚುರುಕು ಕೈ. ನಾನು ಕತ್ತರಿಯಮ್ಮ ಎಂದು ಹೆಸರಿಟ್ಟಿದ್ದೇನೆ. ನನ್ನ ಗಂಡನ ಗಲ್ಲ ಹಿಡಿದು, ನಾನು ಒಪ್ಪಿಕೊಂಡ ಮೀಸೆಯನ್ನು ಬೋಳಿಸಿದವಳು ಅವಳೇ.

ಇಷ್ಟೇ ಆಗಿದ್ದರೆ ಅರವತ್ತಕ್ಕೆ ಅರಳು ಮರಳು ಎಂದು ಸುಮ್ಮನಾಗುತ್ತಿದ್ದೆ. ಆದರೆ ಇವರು ನನ್ನ ಪಕ್ಕ ಕೂರುವುದನ್ನೂ ಬಿಟ್ಟಿದ್ದಾರೆ. ರೈಲಿನಲ್ಲಿ ಹಿಮ್ಮುಖದ ಸೀಟಿನಲ್ಲಿ ಕೂತರೆ ಇವರಿಗೆ ಹೊಟ್ಟೆ ತೊಳಸುತ್ತದೆ, ಆದರೂ ನನ್ನ ಪಕ್ಕದ ಜಾಗ ಖಾಲಿ ಬಿಟ್ಟು ಎದುರಿಗೇ ಕೂರುತ್ತಾರೆ, ನಿಂಬೆಹಣ್ಣು ಮೂಸಿಕೊಂಡು. ಮೇಜಿನ ದೀಪವನ್ನು ತಮ್ಮ ಕಡೆಗೇ ಎಳೆದುಕೊಳ್ಳುತ್ತಾರೆ, ನಾನು ಕತ್ತಲಲ್ಲಿ ಹೆಣಿಗೆ ಹಾಕಬೇಕು. ಇನ್ನು ದನಿ! ಮಗ್ಗದ ಗದ್ದಲದಲ್ಲಿ ಬೆಳೆದ ಆ ದನಿಗೆ ನಮ್ಮ ಬೀದಿಯ ಮೂರು ಮನೆಯವರು ಎಚ್ಚರವಾಗುತ್ತಿದ್ದರು. ಈಗ ಮಾತು ತಗ್ಗಿದೆ. ಒಮ್ಮೊಮ್ಮೆ ಬಾಯಿ ಮಾತ್ರ ಆಡುತ್ತದೆ, ಗಿರಣಿಯವರು ಮಾಡುತ್ತಾರಲ್ಲ ಹಾಗೆ. ನಿನಗೆ ನೆನಪಿದೆಯೋ ಇಲ್ಲವೋ, ಮಗ್ಗದ ಸದ್ದಿನಲ್ಲಿ ಕೂಗಿದರೂ ಕೇಳದು ಎಂದು ಅವರೆಲ್ಲ ಬರೀ ತುಟಿಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ರಸ್ತೆಯ ಆ ಬದಿಯಿಂದ ಈ ಬದಿಗೆ ಒಂದೂ ಸದ್ದಿಲ್ಲದೆ ಇಡೀ ಜಗಳ ಮುಗಿಸುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಇವರಿಗೆ, ನಮ್ಮ ಮನೆಯಲ್ಲಿ ಮೀನಿನ ಹಾಗೆ ಬಾಯಿ ಬಿಡುವುದು ಬೇಡ, ದನಿ ಇಟ್ಟು ಮಾತಾಡಿ ಎಂದು ಕಟ್ಟುನಿಟ್ಟು ಮಾಡಿದ್ದೆ. ಅಂದಿನಿಂದ ಪಾಲಿಸಿದ್ದರು.

ಕತ್ತರಿಯಮ್ಮನ ಜೊತೆ ಮಾತ್ರ ಹಜಾರದಲ್ಲಿ ನಿಂತು ಮಾತೇ ಮಾತು. ನಾನು ಮೆಟ್ಟಿಲಿಳಿದರೆ ಇಬ್ಬರೂ ಗಪ್‌ಚಿಪ್. ಊರವರ ಗುಟ್ಟನ್ನೆಲ್ಲ ಕದ್ದು ಕೇಳಿ ಹೊಟ್ಟೆಯಲ್ಲಿಟ್ಟುಕೊಂಡವಳ ಕಿವಿಯ ಮೇಲೆ ಹೂ ಇಡುತ್ತಿದ್ದಾರೆ. ನೀನು ಕೊನೆಯ ಎರಡು ವರ್ಷ ದೂರದೂರಿನ ಫೋನ್ ಕಾಲುಗಳನ್ನೆಲ್ಲ ನನ್ನ ಸ್ವಿಚ್‌ಬೋರ್ಡಿನಿಂದ ಕಸಿದುಕೊಂಡೆ, ಅದನ್ನೂ ನಾನು ಕ್ಷಮಿಸಿದ್ದೇನೆ. ಇದನ್ನು ಕ್ಷಮಿಸುವುದು ಕಷ್ಟ.

ಬೇಗ ಉತ್ತರ ಬರಿ.

ನಿನ್ನ
ಏಳನೇ ಸೀಟು

ತಾ.ಕ.: ಉತ್ತರವನ್ನು ಮನೆಯ ವಿಳಾಸಕ್ಕೆ ಬರೆಯಬೇಡ, ಅಂಚೆ ಕಚೇರಿಗೇ ಬರಿ. ಇಲ್ಲಿ ಕಾಗದಗಳು ಕತ್ತರಿಯಮ್ಮನ ಕೈ ದಾಟಿ ಬರುತ್ತವೆ.


೯ನೇ ತಾರೀಖು, ಸೋಮವಾರ
ಅಂಚೆ ಕಚೇರಿಯ ಬೆಂಚಿನಿಂದ

ಎಂಟೇ,

ನಿನ್ನ ಕಾಗದ ಸಿಕ್ಕಿತು. ಓದಿ ಸಮಾಧಾನವಾಗುವ ಬದಲು ಮೈ ಉರಿಯಿತು. ನಾಲ್ಕು ಪುಟ ಬರೆದು ಗೋಳು ಹೇಳಿಕೊಂಡರೆ ನಾಲ್ಕು ಸಾಲಿನ ಉತ್ತರ! ಅನುಮಾನಪಡುವ ಮೊದಲು ಅವರ ಮುಖವನ್ನೊಮ್ಮೆ ಸರಿಯಾಗಿ ನೋಡು ಎಂದು ಬರೆದಿದ್ದೀಯ. ನಲವತ್ತು ವರ್ಷದಿಂದ ಅದೇ ಮುಖ ನೋಡುತ್ತಿದ್ದೇನಲ್ಲ, ಇನ್ನೇನು ನೋಡಲಿ? ಮೀಸೆ ಹೋದ ಮೇಲೆ ಬಾಯಿಯ ಎರಡು ಬದಿಗೂ ಬಿಳಿ ಗೆರೆ ಕಾಣುತ್ತದೆ, ಅದನ್ನೇ ನೋಡಲೇ? ನೀನು ಇವರ ಪಕ್ಷ ವಹಿಸುವುದು ನೋಡಿದರೆ ನಿನ್ನ ಮೇಲೂ ಒಂದು ಕಣ್ಣಿಡಬೇಕು ಅನ್ನಿಸುತ್ತಿದೆ.

ಈಗ ಪುರಾವೆಯೇ ಸಿಕ್ಕಿದೆ. ದಿನಾ ಊಟವಾದ ಮೇಲೆ ನಾನು ಒಂದು ನಿದ್ದೆ ಮಾಡುವುದು ನಿನಗೆ ಗೊತ್ತು. ಒಂದು ಗಂಟೆಗೆ ಕತ್ತರಿಯಮ್ಮ ಅಂಗಡಿ ಮುಚ್ಚುತ್ತಾಳೆ, ಎರಡೂವರೆಗೆ ತೆರೆಯುತ್ತಾಳೆ. ಆ ಒಂದೂವರೆ ಗಂಟೆ ಇವರು ಕೋಣೆಯಲ್ಲಿರುವುದಿಲ್ಲ. ದೋಣಿಕಟ್ಟೆಗೆ ಹೋಗಿದ್ದೆ, ಗಾಳಿ ಚೆನ್ನಾಗಿತ್ತು ಎನ್ನುತ್ತಾರೆ. ಶುಕ್ರವಾರ ಕಿಟಕಿಯಲ್ಲಿ ಕೂತು ಕಾದೆ. ದೋಣಿಕಟ್ಟೆಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಎರಡೂಕಾಲಿಗೆ ಇವರು ಹೊರಬಂದದ್ದು ಅಂಗಡಿಯ ಹಿಂಬಾಗಿಲಿನಿಂದ. ಚಪ್ಪಲಿ ಕೈಯಲ್ಲಿ ಹಿಡಿದಿದ್ದರು.

ಶನಿವಾರ ಒಗೆಯಲು ಹಾಕುವಾಗ ಇವರ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಇವರದೇ ಅಕ್ಷರ. ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ, ನೀನೇ ಓದು:

“ಬಾಗಿಲು ತಟ್ಟಿದರು. ಹಿಂದೆ ಗಾಡಿ ಬಂತು. ಹಾಲು ಉಕ್ಕುತ್ತಿದೆ. ಈ ಕಡೆ ಬಾ. ನಿಧಾನ, ಮೆಟ್ಟಿಲು. ಹೆದರಬೇಡ, ನಾನೇ.”

ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಈಗ ಹೇಳು, ನೀನೂ ನಾನೂ ಬೋರ್ಡಿನ ಕೀಲಿ ಅರ್ಧ ತೆರೆದು ಕದ್ದು ಕೇಳಿದ ಅಷ್ಟೊಂದು ಕಳ್ಳ ಮಾತುಗಳಲ್ಲಿ ಇದಕ್ಕಿಂತ ಸ್ಪಷ್ಟವಾದದ್ದು ಯಾವುದಾದರೂ ಇತ್ತೇ? ಬಾಗಿಲು ತಟ್ಟುವವರು ಯಾರು? ಹಿಂದೆ ಬರುವ ಗಾಡಿ ಯಾರನ್ನು ಎಲ್ಲಿಗೆ ಒಯ್ಯುತ್ತದೆ? ಹಾಲು ಉಕ್ಕುವುದು ಎಂದರೆ ಏನೋ ಸಂಕೇತ, ಅದಿನ್ನೂ ನನಗೆ ಬಿಡಿಸಲಾಗಿಲ್ಲ. ಯಾರನ್ನು ‘ಹೆದರಬೇಡ’ ಎಂದು ಸಂತೈಸುತ್ತಿದ್ದಾರೆ? ನನಗಂತೂ ಆ ಮಾತನ್ನು ಎಂದೂ ಹೇಳಿಲ್ಲ. ನಾನು ಹೆದರುವವಳೇ ಅಲ್ಲವಲ್ಲ.

ಚೀಟಿಯನ್ನು ಮಡಚಿ ಅದೇ ಜೇಬಿಗೆ ಹಾಕಿದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಲಿ, ನೋಡೋಣ.

ನಿನ್ನೆ ಇನ್ನೊಂದು ನಡೆಯಿತು. ಚಹಾಕ್ಕೆ ಕೆಟಲ್ ಇಟ್ಟು ನಾನು ಹೆಣಿಗೆ ಹಿಡಿದು ಕೂತಿದ್ದೆ. ಅದು ನೀರು ಕುದಿದರೆ ಸಿಳ್ಳೆ ಹೊಡೆಯುವ ಕೆಟಲ್. ಸಿಳ್ಳೆ ಕೆಟ್ಟಿರಬೇಕು. ಇವರು ಕೆಳಗಿನಿಂದ ದಡದಡ ಓಡಿಬಂದು ಸ್ಟವ್ ಆರಿಸಿದರು, ನನ್ನ ಬೆನ್ನ ಹಿಂದೆಯೇ. ತಿರುಗಿದಾಗ ಕೆಟಲಿನ ತಳ ಕಪ್ಪಾಗಿತ್ತು. ಬೈದಿದ್ದರೆ ನಾನೂ ಎರಡು ಬೈದು ಹಗುರವಾಗುತ್ತಿದ್ದೆ. ಇವರು ಬೈಯಲಿಲ್ಲ. ಸುಟ್ಟ ಕೆಟಲ್ ಹಿಡಿದುಕೊಂಡು ನನ್ನನ್ನೇ ನೋಡಿದರು. ಬಿಟ್ಟು ಹೋಗುವ ಮನೆಯನ್ನು ಕೊನೆಯ ಸಲ ನೋಡುತ್ತಾರಲ್ಲ, ಹಾಗಿತ್ತು ಆ ನೋಟ.

ಅದಕ್ಕೇ ತೀರ್ಮಾನ ಮಾಡಿದ್ದೇನೆ. ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಇಲ್ಲಿಂದ ಒಂದು ಬಸ್ಸಿದೆ, ಸಂಜೆಗೆ ನಿನ್ನೂರು. ನಾನೊಬ್ಬಳೇ ಬರುತ್ತೇನೆ. ಹಿಂದಿನ ಕೋಣೆ ಖಾಲಿ ಮಾಡಿಸಿಡು. ಅವರಾಗಿ ಬಿಟ್ಟುಹೋಗುವ ಮೊದಲು ನಾನೇ ಎದ್ದುಹೋಗುವುದು ಮರ್ಯಾದೆ. ಬಿಟ್ಟು ಬರುವುದು ಸುಲಭ ಎಂದು ತಿಳಿಯಬೇಡ. ಈ ನಾಲ್ಕು ಊರಿನಲ್ಲಿ ಇವರ ಜೊತೆ ಮಾಡಿದಷ್ಟು ನಡಿಗೆಯನ್ನು ಇಡೀ ಬಾಳಿನಲ್ಲಿ ಮಾಡಿರಲಿಲ್ಲ. ದಾರಿಯಲ್ಲಿ ನನ್ನ ಮೊಣಕೈ ಹಿಡಿದು ಗೋಡೆಯ ಕಡೆಗೆ ಸರಿಸಿ ತಾವು ಗಾಡಿಯ ಕಡೆ ನಡೆಯುತ್ತಿದ್ದರು. ಬೇಗ ನಡೆಸುವ ಅವಸರ ಎಂದುಕೊಂಡು ಆಗ ಕೊಸರಿಕೊಳ್ಳುತ್ತಿದ್ದೆ. ಈಗ ಮೊಣಕೈ ಬರಿದೆನಿಸುತ್ತದೆ.

ನಿನ್ನ
ಏಳು

ತಾ.ಕ.: ಬಸ್ ನಿಲ್ದಾಣಕ್ಕೆ ನೀನೇ ಬಾ. ಹಿಂದಿನಿಂದ ಕೂಗಬೇಡ, ಗದ್ದಲದಲ್ಲಿ ಗೊತ್ತಾಗುವುದಿಲ್ಲ. ಎದುರಿಗೇ ನಿಂತುಕೊ.


೧೪ನೇ ತಾರೀಖು, ಶನಿವಾರ
ಅದೇ ಕೋಣೆ, ಅದೇ ಕಿಟಕಿ

ಪ್ರೀತಿಯ ಎಂಟೇ,

ಒಂಬತ್ತೂವರೆಯ ಬಸ್ಸು ಹೋಯಿತು. ಕಿಟಕಿಯಿಂದಲೇ ನೋಡಿದೆ. ನೀನು ಸಂಜೆ ನಿಲ್ದಾಣಕ್ಕೆ ಹೋಗಿ ಕಾಯಬಾರದೆಂದು ಕತ್ತರಿಯಮ್ಮನಿಂದ ನಿನಗೆ ಫೋನು ಮಾಡಿಸಿದ್ದೇನೆ. ಹೌದು, ಅವಳಿಂದಲೇ. ಇನ್ನು ಉಳಿದದ್ದನ್ನು ಹೇಳುತ್ತೇನೆ, ನಿಧಾನವಾಗಿ ಓದು.

ನಿನ್ನೆ ಊಟವಾದ ಮೇಲೆ ನಿದ್ದೆ ಬಂದವಳಂತೆ ಗೋಡೆಗೆ ಮುಖ ಮಾಡಿ ಮಲಗಿದೆ. ಸ್ವಲ್ಪ ಹೊತ್ತಿಗೆ ಹಾಸಿಗೆ ಅಲುಗಿತು, ಇವರು ಎದ್ದರು. ನೂರು ಎಣಿಸಿ ನಾನೂ ಇಳಿದೆ. ಅಂಗಡಿಯ ಹಿಂಬಾಗಿಲು ತೆರೆದಿತ್ತು, ಒಳಗೆ ಒಂದು ಪರದೆ. ಹಿಡಿದೇಬಿಡುತ್ತೇನೆ ಎಂದು ಹೋದವಳು ಅದರ ಎದುರು ನಿಂತುಬಿಟ್ಟೆ. ನಲವತ್ತು ವರ್ಷದ ಸಂಸಾರ ಒಂದು ಪರದೆಯ ಆಚೆಗಿದೆ ಅನ್ನಿಸಿ ಅಳು ಬಂತು. ಆದರೂ ಸರಿಸಿ ನೋಡಿದೆ.

ಇವರು ಕ್ಷೌರದ ಕುರ್ಚಿಯಲ್ಲಿ ಕನ್ನಡಿಗೆ ಎದುರಾಗಿ ಕೂತಿದ್ದರು. ಕನ್ನಡಿಯ ಸುತ್ತಲಿನ ದೀಪಗಳೆಲ್ಲ ಉರಿಯುತ್ತಿದ್ದವು. ಕತ್ತರಿಯಮ್ಮ ಪಕ್ಕದ ಸ್ಟೂಲಿನಲ್ಲಿದ್ದಳು, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು! ಇವರ ಕೈಯಲ್ಲಿ ಆ ಚೀಟಿ. ಅದನ್ನು ನೋಡಿ ಕನ್ನಡಿಯಲ್ಲಿ ತುಟಿ ಆಡಿಸುವುದು, ಅವಳು ಕಣ್ಣು ಕಿರಿದು ಮಾಡಿ ನೋಡಿ ತಲೆ ಅಲ್ಲಾಡಿಸುವುದು, ಇವರು ಹಣೆ ಚಚ್ಚಿಕೊಂಡು ಮತ್ತೆ ಇನ್ನೂ ನಿಧಾನವಾಗಿ ಆಡಿಸುವುದು. ನಾಟಕದ ಪಾತ್ರಕ್ಕೆ ತಯಾರಾಗುವವರಂತೆ ಕಷ್ಟಪಡುತ್ತಿದ್ದರು. ಕೊನೆಗೆ ಅವಳು ಎದ್ದು ನಿಂತು ಹಾಲು ಉಕ್ಕುವುದನ್ನು ಕೈಯಲ್ಲಿ ಮಾಡಿ ತೋರಿಸಿದಳು. ಇವರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ಏನೆಂದುಕೊಳ್ಳಬೇಕೋ ತಿಳಿಯದೆ ನಾನು ನಿಂತೇ ಇದ್ದೆ. ಅಷ್ಟರಲ್ಲಿ ಇವರಿಗೆ ಕನ್ನಡಿಯಲ್ಲಿ ನಾನು ಕಂಡೆ. ಕುರ್ಚಿಯನ್ನು ನನ್ನತ್ತ ತಿರುಗಿಸಿ, “ನಿದ್ದೆ ಬರಲಿಲ್ವಾ?” ಎಂದು ಕೇಳಿದರು. “ಎಲ್ಲಿಂದ ಬರಬೇಕು?” ಎಂದೆ ನಾನು, ಜಗಳಕ್ಕೆ ಸಿದ್ಧಳಾಗಿ.

ಇವರ ಕಣ್ಣಲ್ಲಿ ನೀರು ತುಂಬಿತು. ಕತ್ತರಿಯಮ್ಮ ಹತ್ತಿ ತೆಗೆದು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದಳು. ಆಗ ಇವರು ತಮ್ಮ ಗಂಟಲನ್ನು ಮುಟ್ಟಿ ತೋರಿಸಿ, ಕೈ ಆಡಿಸಿದರು. ದನಿ ಹಾಕಿರಲೇ ಇಲ್ಲ ಕಣೇ. ಅವರು ಬರೀ ತುಟಿಯಲ್ಲಿ ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿದ್ದೆ.

ಇನ್ನು ನಿನ್ನ ಹತ್ತಿರ ಮುಚ್ಚುಮರೆ ಯಾಕೆ? ಈ ಊರಿನ ಸೈಕಲ್ಲುಗಳಿಗೆಲ್ಲ ಬೆಲ್ಲಿದೆ. ಬ್ರೆಡ್ಡಿನವನು ಪಿಸುಗುಟ್ಟುವುದಿಲ್ಲ. ಕೆಟಲಿನ ಸಿಳ್ಳೆಯೂ ಕೆಟ್ಟಿಲ್ಲ, ಕೆಳಗಿನ ಅಂಗಡಿಗೆ ಕೇಳುವಷ್ಟು ಜೋರಾಗಿದೆ. ಭಾನುವಾರದ ಲೈನು ಸರಿಯಾಗಿಯೇ ಇತ್ತು. ಕೆಟ್ಟಿರುವುದು ನನ್ನ ಕಿವಿ. ಇವತ್ತು ನಿನ್ನೆಯದಲ್ಲ. ಕೆಲಸದಲ್ಲಿದ್ದಾಗ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡುತ್ತಿದ್ದರಲ್ಲ, ಗಾಜಿನಾಚೆ ಕೂತ ಹುಡುಗಿ ಗುಂಡಿ ಒತ್ತಿದಾಗ ಸದ್ದು ಕೇಳಿದರೆ ಕೈ ಎತ್ತಬೇಕಿತ್ತು. ಗುಂಡಿ ಒತ್ತುವಾಗಲೆಲ್ಲ ಅವಳ ಬಲಭುಜ ಸ್ವಲ್ಪ ಮೇಲಾಗುತ್ತಿತ್ತು. ಕೊನೆಯ ಮೂರು ವರ್ಷ ನಾನು ಕೈ ಎತ್ತಿದ್ದು ಆ ಭುಜ ನೋಡಿ. ಕಿವಿಯಿಂದಲೇ ಅನ್ನ ತಿಂದವಳು, ಕಿವಿ ಹೋಯಿತು ಎಂದರೆ ಇನ್ನು ನಾನು ಯಾರು ಎಂದು ಹೆದರಿದ್ದೆ. ಹೆದರುವವಳಲ್ಲ ಎಂದು ಹೋದ ಕಾಗದದಲ್ಲಿ ಬರೆದದ್ದು ಸುಳ್ಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ, ನಾನು ಊರವರ ಹೆಗಲನ್ನೆಲ್ಲ ತಡವುತ್ತಿದ್ದೆ.

ಇವರು ಎಲ್ಲವನ್ನೂ ಹೇಳಿದರು. ಕೆಲವನ್ನು ಜೋರಾಗಿ, ಕೆಲವನ್ನು ತುಟಿಯಲ್ಲಿ, ಉಳಿದದ್ದನ್ನು ಚೀಟಿಯ ಹಿಂಬದಿಯಲ್ಲಿ ಬರೆದು. ನಮ್ಮೂರಿನಲ್ಲಿದ್ದರೆ ನೆರೆಹೊರೆಯವರ ಎದುರು ನಾನು ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಯಲು ಒಪ್ಪುವುದಿಲ್ಲ ಎಂದೇ ಗುರುತಿಲ್ಲದ ಊರುಗಳಿಗೆ ಕರೆದುಕೊಂಡು ಬಂದರಂತೆ. ತುಟಿ ಕಾಣಲಿ ಎಂದು ಎದುರಿನ ಸೀಟು. ಮುಖದ ಮೇಲೆ ಬೆಳಕು ಬೀಳಲಿ ಎಂದು ದೀಪ. ಇಷ್ಟಾದರೂ ನಾನು ಗ್ರಹಿಸುತ್ತಿಲ್ಲವಲ್ಲ ಎಂದು ಯೋಚಿಸಿದಾಗ, ಅಡ್ಡ ಬರುತ್ತಿರುವುದು ಮೀಸೆ ಎಂದು ಕತ್ತರಿಯಮ್ಮ ಹೇಳಿದಳಂತೆ. ಗಿರಣಿಯಲ್ಲಿ ಇವರು ತುಟಿಯಲ್ಲಿ ಆಡುತ್ತಿದ್ದದ್ದು ನೂಲು ಹರಿಯಿತು, ಯಂತ್ರ ನಿಲ್ಲಿಸು, ದೊಡ್ಡವರು ಬಂದರು, ಇಂಥವೇ. ಅವನ್ನು ಕಟ್ಟಿಕೊಂಡು ಸಂಸಾರ ಮಾಡಲಾಗುತ್ತದೆಯೇ? ಹಾಲು, ಬಾಗಿಲು, ಮೆಟ್ಟಿಲುಗಳನ್ನು ಹೊಸದಾಗಿ ಅಭ್ಯಾಸ ಮಾಡಬೇಕಾಗಿತ್ತು. ಗಿರಣಿಯ ವೇಗಕ್ಕೆ ಆಡಿದರೆ ಹೊಸಬರಿಗೆ ತಿಳಿಯುವುದಿಲ್ಲ ಎಂದು ಕತ್ತರಿಯಮ್ಮನನ್ನು ಕಿವಿ ಮುಚ್ಚಿ ಕೂರಿಸಿಕೊಂಡಿದ್ದರು. ಪಾಪ, ಅವಳ ಊಟದ ಹೊತ್ತು ಅದು.

ನೇರವಾಗಿ ಹೇಳಬಹುದಿತ್ತಲ್ಲ ಎಂದು ರೇಗಿದೆ. “ಹೇಳಿದ್ರೆ ಒಪ್ಕೋತಿದ್ಯಾ?” ಅಂದರು. ಇಲ್ಲ ಎಂದೆ. ಸುಳ್ಳು ಸಾಕಾಗಿತ್ತು.

ಇವತ್ತು ಬೆಳಿಗ್ಗೆ ಬಸ್ಸು ಹೊರಟ ಮೇಲೆ ಇಬ್ಬರೂ ದೋಣಿಕಟ್ಟೆಗೆ ಹೋದೆವು. ನಾನು ಮುಂದೆ ನಡೆಯುತ್ತಿದ್ದೆ. ಹಿಂದಿನಿಂದ ಯಾರೋ ಮೊಣಕೈ ಹಿಡಿದಾಗ ಬೆಚ್ಚಿ ತಿರುಗಿದೆ. ಬಿಸಿಲಿಗೆ ಮುಖ ಕೊಟ್ಟು ಇವರು ಚೀಟಿಯ ಕೊನೆಯ ಸಾಲನ್ನು ಹೇಳಿದರು. ಎರಡು ಗೆರೆ ಎಳೆದಿದ್ದ ಸಾಲು. ಒಂದೇ ಸಲಕ್ಕೆ ತಿಳಿಯಿತು. ಆದರೂ ತಿಳಿಯಲಿಲ್ಲ ಎಂದು ಇನ್ನೆರಡು ಸಲ ಹೇಳಿಸಿಕೊಂಡೆ.

ಕತ್ತರಿಯಮ್ಮನಿಗೆ ಒಂದು ಕೈಚೀಲ ಹೆಣೆದು ಕೊಡುವುದೆಂದು ನಿರ್ಧರಿಸಿದ್ದೇನೆ. ಅವಳಿಗೆ ಹೆಸರಿಟ್ಟದ್ದನ್ನು ಮಾತ್ರ ಹೇಳಿಲ್ಲ, ನೀನೂ ಹೇಳಬೇಡ.

ಇನ್ನೂ ಬೋರ್ಡಿನಿಂದ ಏಳದ,
ನಿನ್ನ ಏಳನೇ ಸೀಟು

ತಾ.ಕ.: ಒಂದು ಅನುಮಾನ ಉಳಿದಿದೆ. ನನ್ನ ಕಿವಿಯ ವಿಷಯ ನಿಮಗೆ ಮೊದಲು ಹೇಳಿದ್ದು ಯಾರು ಎಂದು ಇವರನ್ನು ಕೇಳಿದರೆ, ಮಾತು ಕೊಟ್ಟಿದ್ದೇನೆ, ಹೇಳಲಾರೆ ಎಂದು ತುಟಿ ಹೊಲಿದುಕೊಂಡಿದ್ದಾರೆ. ನಿನ್ನೆಯಿಂದ ಲೆಕ್ಕ ಹಾಕುತ್ತಿದ್ದೇನೆ. ಕೊನೆಯ ಎರಡು ವರ್ಷ ನೀನು ನನ್ನ ಬೋರ್ಡಿನಿಂದ ಕಸಿದುಕೊಂಡ ಕಾಲುಗಳೆಲ್ಲ ದೂರದ ಊರಿನವು, ದನಿ ತೀರಾ ಸಣ್ಣಗೆ ಬರುವಂಥವು. ಹತ್ತಿರದವನ್ನು, ಗಟ್ಟಿಯಾಗಿ ಕೇಳುವಂಥವನ್ನು ನೀನು ಒಮ್ಮೆಯೂ ಮುಟ್ಟಲಿಲ್ಲ. ದುರಾಸೆಯವಳು ಎಂದು ನಾನು ಎರಡು ತಿಂಗಳು ನಿನ್ನ ಜೊತೆ ಊಟಕ್ಕೆ ಕೂರದೆ ಇದ್ದೆ. ನೀನೇ ತಾನೇ? ಫೋನಿನಲ್ಲಿ ಹೇಳಬೇಡ. ಮುಂದಿನ ತಿಂಗಳು ಬರುತ್ತೇವೆ, ನಿನ್ನ ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತು, ಎದುರಿಗೇ ಹೇಳು.